ಕಾತ್ರಜದಿಂದ ಸ್ಟೇಶನ್‌ವರೆಗೆ, ಹನ್ನೊಂದು ದಿನ

ಫೋನ್ ಬಂದಾಗ ನಾನು ಬೈಲಹೊಂಗಲದ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಪುಸ್ತಕಗಳ ಬೆನ್ನಿಗೆ ಹೊಸ ಚೀಟಿ ಅಂಟಿಸುತ್ತ ಕೂತಿದ್ದೆ. ಗೊತ್ತಿಲ್ಲದ ನಂಬರು. ಒಬ್ಬ ಹೆಂಗಸು ಮರಾಠಿಯಲ್ಲಿ ನನ್ನ ಹೆಸರು ಹೇಳಿ, ನೀವೇನಾ ಎಂದು ಕೇಳಿದಳು. ಹೌದೆಂದೆ. ತಾನು ಪುಣೆಯಿಂದ ಮಾತಾಡುತ್ತಿದ್ದೇನೆ, ನಿಮ್ಮ ಅಪ್ಪನಿಗೆ ನಾಲ್ಕು ದಿನದ ಹಿಂದೆ ಲಕ್ವಾ ಹೊಡೆದಿದೆ ಎಂದಳು.

"ಜೀವಕ್ಕೇನೂ ಧೋಕಾ ಇಲ್ಲ ಅಂತಾರ ಡಾಕ್ಟರು. ಆದ್ರ ಅವರು ಏನೋ ಮಾತಾಡ್ತಾರ, ನನಗ ತಿಳಿಯೂದುಲ್ಲ. ಮರಾಠಿ ಪೂರಾ ಹೋಗೇದ. ಬರೇ ನಿಮ್ಮ ಭಾಷಾ ಉಳದದ. ಅದು ಬರೋರನ್ನ ಯಾರನ್ನರೆ ಕರಸ್ರಿ ಅಂದ್ರು."

ನನಗೆ ಬರುವ ಮರಾಠಿ ರಾಮದುರ್ಗದ ಓಣಿಯಲ್ಲಿ ಕಿವಿಗೆ ಬಿದ್ದಷ್ಟೇ. ಆದರೂ ಆಕೆ ಹೇಳಿದ್ದು ಪೂರ್ತಿ ತಿಳಿಯಿತು. ಯಾರು ನೀವು ಎಂದು ನಾನು ಕೇಳಲಿಲ್ಲ. ಆಕೆ ದಾರಿ ಹೇಳತೊಡಗಿದಳು. ಕೊಲ್ಹಾಪುರದ ಕಡೆಯಿಂದ ಬರುವ ಬಸ್ಸು ಊರೊಳಗೆ ಹೋಗುವ ಮೊದಲು ಕಾತ್ರಜದಲ್ಲಿ ನಿಲ್ಲುತ್ತದೆ, ಅಲ್ಲೇ ಇಳಿಯಿರಿ. ಖೋಲಿಯ ಕೀಲಿ ಪಕ್ಕದ ಮನೆಯಲ್ಲಿ ಇರುತ್ತದೆ, ರಾತ್ರಿ ಮಲಗಿ ಬೆಳಿಗ್ಗೆ ದವಾಖಾನೆಗೆ ಬನ್ನಿ. ಕಾತ್ರಜದಿಂದ ಸ್ವಾರಗೇಟ್, ಸ್ವಾರಗೇಟ್‌ನಿಂದ ಸ್ಟೇಶನ್, ಎರಡು ಬಸ್ಸು. ರಿಕ್ಷಾ ಮಾಡಬೇಡಿ. ಕೈಗೆ ಸಿಕ್ಕ ಕಾಗದದ ಮೇಲೆ ಇದನ್ನೆಲ್ಲ ಬರೆದುಕೊಂಡೆ. ಬರೆದುಕೊಂಡ ಮೇಲೆ ಇಲ್ಲವೆನ್ನಲು ಆಗಲಿಲ್ಲ.

ನಮ್ಮದು ಮೂಲ ರಾಮದುರ್ಗ. ಅಜ್ಜ ಹೊಳೆದಂಡೆಯ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ಅಪ್ಪನಿಗೆ ಮಂತ್ರ ಹತ್ತಲಿಲ್ಲ, ಅಡಿಗೆ ಹತ್ತಿತು. ಮದುವೆ, ಮುಂಜಿವೆಗಳಲ್ಲಿ ದೊಡ್ಡ ಪಾತ್ರೆಗೆ ನಿಲ್ಲುತ್ತಿದ್ದರು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಪುಣೆಯ ಒಂದು ಖಾನಾವಳಿಗೆ ಅಡಿಗೆಯವರಾಗಿ ಹೋದರು. ಮೊದಲೆರಡು ವರ್ಷ ದೀಪಾವಳಿಗೆ ಬಂದರು. ಆಮೇಲೆ ಪತ್ರ. ಆಮೇಲೆ ಅದೂ ಇಲ್ಲ. ಅದೇ ಖಾನಾವಳಿಯಲ್ಲಿ ಪೋಳಿ, ಅಂದರೆ ಚಪಾತಿ, ಲಟ್ಟಿಸುವ ಒಬ್ಬ ಹೆಂಗಸಿನ ಜೊತೆ ಇದ್ದಾರೆಂದು ಯಾರೋ ಬಂದು ಹೇಳಿದರು. ಅವ್ವ ಆಗ ಅಕ್ಕಿ ಆರಿಸುತ್ತಿದ್ದಳು. ಹೇಳಿದವರಿಗೆ ಚಹಾ ಮಾಡಿಕೊಟ್ಟು ಮತ್ತೆ ಬಂದು ಕೂತು ಆರಿಸಿದಳು.

ನನ್ನ ಮದುವೆಗೆ ಅಪ್ಪ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕೂತು, ಎರಡನೆಯ ಪಂಕ್ತಿಗೆ ಉಂಡು, ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಎಂದು ಅಡಿಗೆಯವನಿಗೆ ಹೇಳಿ ಹೋದರು. ಅದಾಗಿ ಇಪ್ಪತ್ತನಾಲ್ಕು ವರ್ಷ. ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಅವರಿಗೆ ತಿಳಿಸಲು ನಮ್ಮ ಬಳಿ ನಂಬರು ಇರಲಿಲ್ಲ. ನನ್ನ ನಂಬರು ಅವರ ವಹಿಯಲ್ಲಿ ಇತ್ತೆಂದು ಈಗ ಗೊತ್ತಾಯಿತು. ಎಲ್ಲಿಂದ ಸಿಕ್ಕಿತ್ತೋ, ಯಾಕೆ ಫೋನ್ ಹಚ್ಚಲಿಲ್ಲವೋ ಗೊತ್ತಿಲ್ಲ.

ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ.

"ಹೋಗಬೇಕು ಅನಸ್ತದೇನು?" ಎಂದರು.

"ಗೊತ್ತಿಲ್ಲ."

"ಹಂಗಾದ್ರ ಹೋಗಿ ಬಾ. ಹೋಗದಿದ್ರ ಆಮ್ಯಾಲೆ ಅದೇ ತಲ್ಯಾಗ ಕೂಡ್ತದ."

ಮರುದಿನ ನಸುಕಿನಲ್ಲಿ ಬೆಳಗಾವಿ ಬಸ್ಸು ಹಿಡಿದೆ. ನಿಪ್ಪಾಣಿಯವರೆಗೆ ಆಧಾರ್ ಕಾರ್ಡು ತೋರಿಸಿದರೆ ಸಾಕು, ಹೆಂಗಸರಿಗೆ ಟಿಕೀಟಿಲ್ಲ. ಅಲ್ಲಿಂದ ಮುಂದೆ ಮಹಾರಾಷ್ಟ್ರದ ಬಸ್ಸು, ಅರ್ಧ ಟಿಕೀಟು. ಇಡೀ ದಾರಿ ಏನು ಯೋಚಿಸಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇಲ್ಲ. ಸಾತಾರಾದಲ್ಲಿ ಇಳಿದು ಒಂದು ವಡಾಪಾವ್ ತಿಂದೆ. ಘಾಟಿನ ಸುರಂಗದಲ್ಲಿ ಕತ್ತಲಾಗಿ ಮತ್ತೆ ಬೆಳಕಾಯಿತು. ಕಾತ್ರಜದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು.

ಖೋಲಿ ಒಂದೇ. ಮೂಲೆಯಲ್ಲಿ ಗ್ಯಾಸು, ಕಿಟಕಿಗೆ ಹತ್ತಿದಂತೆ ಒಂದು ಮಂಚ, ಮೊಳೆಗೆ ಅಪ್ಪನ ಎರಡು ಅಂಗಿ. ಗ್ಲಾಸಿನಲ್ಲಿ ಎರಡು ಬ್ರಶ್ಶು. ಪಕ್ಕದ ಮನೆಯವರು ಒಂದು ಡಬ್ಬಿ ತಂದುಕೊಟ್ಟು, ಅವರು ನಿಮಗಂತ ಭಕ್ರಿ ಮಾಡಿಟ್ಟು ಹೋಗಿದ್ದಾರೆ ಎಂದರು. ಉಂಡೆ. ಮಂಚದ ಮೇಲೆ ಮಲಗಲಿಲ್ಲ, ಕೆಳಗೆ ಚಾಪೆ ಹಾಸಿಕೊಂಡೆ. ಅಪ್ಪನ ಮನೆಯಲ್ಲಿ ಇದ್ದೇನೆ ಎಂಬುದು ಗೊತ್ತಿತ್ತು, ಆದರೆ ಯಾವುದೋ ಲಾಜಿನಲ್ಲಿ ಇದ್ದ ಹಾಗೆ ಇತ್ತು. ನಿದ್ದೆ ಚೆನ್ನಾಗಿಯೇ ಬಂತು.

ಬೆಳಿಗ್ಗೆ ಆರೂವರೆಗೆ ಸ್ಟಾಪಿಗೆ ಬಂದೆ. ಅಲ್ಲಿ ಬಸ್ಸಿನ ನಂಬರುಗಳು ಮರಾಠಿ ಅಂಕಿಯಲ್ಲಿ ಇರುತ್ತವೆ. ಸಾಲಿಯಲ್ಲಿ ಹಿಂದಿ ಕಲಿಯುವಾಗ ಓದಿದ್ದೆ, ನಿಂತ ಬಸ್ಸಿನದಾದರೆ ಓದಬಲ್ಲೆ. ಬರುವ ಬಸ್ಸಿನದು ಓದಿ ಮುಗಿಸುವಷ್ಟರಲ್ಲಿ ಅದು ಹೊರಟೇ ಬಿಡುತ್ತಿತ್ತು. ಮೂರು ಬಿಟ್ಟೆ. ನಾಲ್ಕನೆಯದಕ್ಕೆ ಮುಂದಿನ ಬಾಗಿಲಿಂದ ಹತ್ತಿದೆ.

"ಮಾವಶಿ, ಮಾಗೂನ್," ಎಂದ ಕಂಡಕ್ಟರು. ಹಿಂದಿನಿಂದ ಹತ್ತಬೇಕು, ಮುಂದಿನಿಂದ ಇಳಿಯಬೇಕು. ನಮ್ಮ ಕಡೆ ಹೆಂಗಸರು ಮುಂದಿನಿಂದಲೇ ಹತ್ತುವುದು. ಇಳಿದು, ಓಡಿ, ಹಿಂದಿನಿಂದ ಹತ್ತಿದೆ. ಕೂತವರಲ್ಲಿ ಒಂದಿಬ್ಬರು ನನ್ನ ಕಡೆ ನೋಡಿ ಮತ್ತೆ ಮೊಬೈಲಿಗೆ ಕಣ್ಣು ಹಾಕಿದರು.

ಸ್ವಾರಗೇಟ್‌ನಲ್ಲಿ ಇಳಿದು ಎರಡನೆಯ ಬಸ್ಸು ಹತ್ತಿದೆ. ಒಂದು ಅಂಕಿ ತಪ್ಪು ಓದಿದ್ದೆ. ಅದು ಹಡಪಸರಕ್ಕೆ ಹೋಗುವುದು. ಕಂಡಕ್ಟರು ಎಲ್ಲಿಗೆ ಎಂದಾಗ ಮುಂದಿನವಳು ಹಡಪಸರ ಎಂದಳು. ಆಗಲೇ ನನಗೆ ತಪ್ಪು ಗೊತ್ತಾಯಿತು. ಇಳಿಯಬೇಕಿತ್ತು. ನಾನೂ ಹಡಪಸರ ಎಂದೆ.

ಯಾಕೆ ಹಾಗೆ ಅಂದೆನೋ ಈಗಲೂ ಗೊತ್ತಿಲ್ಲ. ಸೀಟು ಸಿಕ್ಕಿತ್ತು. ಕಿಟಕಿಯ ಪಕ್ಕ ಇತ್ತು. ಮುಕ್ಕಾಲು ಗಂಟೆ ಅಂಗಡಿ, ಸಿಗ್ನಲ್ಲು, ಫ್ಲೈಓವರಿನ ಕಂಬಗಳನ್ನು ನೋಡುತ್ತ ಕೂತೆ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. "ಇಲ್ಲಿಗೆ ಮುಗೀತ್ರಿ," ಎಂದು ಕಂಡಕ್ಟರು ಹೇಳಿದ ಮೇಲೆ ಕೆಳಗಿಳಿದು, ಅದೇ ಬಸ್ಸು ತಿರುಗುವವರೆಗೆ ನಿಂತು, ಮತ್ತೆ ಅದಕ್ಕೇ ಹತ್ತಿದೆ. ಈ ಸಲ ಹಿಂದಿನ ಬಾಗಿಲಿಂದ.

ದವಾಖಾನೆ ಮುಟ್ಟಿದಾಗ ಹತ್ತು ಹೊಡೆದಿತ್ತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಒಬ್ಬ ಸಣ್ಣ ಆಳಿನ ಹೆಂಗಸು, ಅರ್ಧ ನೆರೆತ ಕೂದಲು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ಹೇಗೆ ಗುರುತು ಹಿಡಿದಳೆಂದು ಕೇಳಲಿಲ್ಲ. ನನ್ನ ಮುಖ ಅಪ್ಪನದೇ ಅಂತ ಎಲ್ಲರೂ ಹೇಳುತ್ತಾರೆ.

"ಬಸ್ ತಪ್ಪಿತಾ?"

"ಹೂಂ."

"ಮೊದಲನೇ ಸಲ ಎಲ್ಲಾರಿಗೂ ತಪ್ಪತದ. ಫ್ಲಾಸ್ಕಿನಾಗ ಚಹಾ ಅದ, ಕುಡೀರಿ."

ಒಂಬತ್ತಕ್ಕೆ ಖಾನಾವಳಿಗೆ ಹೋಗಿ ಪೋಳಿಗೆ ನಿಲ್ಲಬೇಕಾದವಳು ನನಗಾಗಿ ಕಾದು ಕೂತಿದ್ದಳು ಎಂದು ಮಧ್ಯಾಹ್ನ ನರ್ಸು ಹೇಳಿದ ಮೇಲೆ ತಿಳಿಯಿತು. ಆಕೆ ಅದನ್ನು ಎತ್ತಲಿಲ್ಲ.

ಅಪ್ಪ ಬಹಳ ಚಿಕ್ಕವರಾಗಿದ್ದರು. ಬಲಗಡೆ ಕೈಕಾಲು ಹೋಗಿತ್ತು, ಬಾಯಿ ಸ್ವಲ್ಪ ಸೊಟ್ಟಗಾಗಿತ್ತು. ಮಾತು ತೊದಲು, ಆದರೆ ತಿಳಿಯುವಂತಿತ್ತು. ನಾನು ಹತ್ತಿರ ಹೋಗಿ ನಿಂತೆ. ಅವರು ಬಹಳ ಹೊತ್ತು ನೋಡಿದರು.

"ಯಾವೂರ್ರಿ ನಿಮ್ಮದು?"

"ಬೈಲಹೊಂಗಲ್ರಿ."

"ಬೈಲಹೊಂಗಲದಾಗ ಯಾರ ಪೈಕಿ?"

"ಮೂಲ ರಾಮದುರ್ಗದವರು," ಎಂದೆ.

"ಹಾಂ. ನಾವೂ ಅಲ್ಲಿಯವರ," ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ಸವದತ್ತಿ ಬಸ್ ಹೋತೇನ್ರಿ?" ಎಂದು ಕೇಳಿದರು.

ಆಕೆ ನನ್ನ ಮುಖ ನೋಡಿದಳು. "ಏನಂದ್ರು? ಆರು ದಿನದಿಂದ ಇದನ್ನ ಅನ್ಲಿಕ್ಕೆ ಹತ್ಯಾರ. ನೀರು ಕೊಟ್ಟೆ, ಹೊದಿಕಿ ಕೊಟ್ಟೆ, ಏನು ಕೊಟ್ರೂ ಬ್ಯಾಡಂತಾರ."

"ಬಸ್ ಹೋತೇನು ಅಂತ ಕೇಳ್ತಾರ. ಸವದತ್ತಿ ಬಸ್."

ಆಕೆ ಯೋಚನೆ ಮಾಡಿದಳು. "ಇನ್ನೂ ಬಂದಿಲ್ಲ ಅಂತ ಹೇಳ್ರಿ."

"ಇನ್ನೂ ಬಂದಿಲ್ರಿ," ಎಂದೆ ಅಪ್ಪನಿಗೆ.

"ಹಂಗಾರ ಕೂಡೂಣು," ಎಂದು ಅವರು ಕಣ್ಣು ಮುಚ್ಚಿದರು. ಆರು ದಿನದಲ್ಲಿ ಹಗಲು ಮಲಗಿದ್ದು ಇದೇ ಮೊದಲು ಎಂದು ಆಕೆ ಹೇಳಿದಳು.

ಮಗಳು ಎಂದು ನಾನು ಹೇಳಲಿಲ್ಲ. ಹೇಳಬಾರದೆಂದು ಅಲ್ಲ. ಅವರು ಊರು ಕೇಳಿದರು, ಊರು ಹೇಳಿದೆ. ಆಮೇಲೆ ಮಾತು ಬಸ್ಸಿಗೆ ಹೋಯಿತು.

ಮರುದಿನ ಬೆಳಿಗ್ಗೆ ಆಕೆ ಔಷಧದ ಡಬ್ಬಿಯ ರಟ್ಟನ್ನು ಹರಿದು, ಅದರ ಮೇಲೆ ಬಸ್ಸಿನ ನಂಬರುಗಳನ್ನು ದೊಡ್ಡದಾಗಿ ಬರೆದುಕೊಟ್ಟಳು. ಮೇಲೆ ಹೋಗುವವು, ಕೆಳಗೆ ಬರುವವು. ಎಂಟರ ಹತ್ತಿರ ಒಂದು ಗೆರೆ ಎಳೆದು, "ಇದು ನಿಮ್ಮ ಕಡೆ ಬ್ಯಾರೆ ಥರಾ ಇರಬೇಕು, ನೋಡ್ಕೊಳ್ರಿ," ಎಂದಳು. ಸ್ಟೇಶನ್ ಬಸ್ಸಿನಲ್ಲಿ ಎಡಗಡೆಯ ಸೀಟು ಹೆಂಗಸರದು, ಗಂಡಸರು ಕೂತಿದ್ದರೆ ಬಾಯಿ ಬಿಟ್ಟು ಕೇಳಬೇಕು, ಕೇಳದೆ ಯಾರೂ ಏಳುವುದಿಲ್ಲ ಎಂದೂ ಹೇಳಿದಳು. ನಾನು ಅದೇ ರಟ್ಟಿನ ಇನ್ನೊಂದು ತುಂಡಿನ ಮೇಲೆ ಅಪ್ಪ ಆಡುವ ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ ಬರೆದೆ. ನೀರು. ಸಾಕು. ಹಸಿವಿ. ನೂಸ್ತದ, ಅಂದರೆ ನೋವು. ಹೊಳ್ಳಸ್ರಿ. ಆಕೆ ಓದಿ ಓದಿ ನೋಡಿದಳು. ಮಗ್ಗುಲು ಬದಲಿಸಿ ಎನ್ನುವ 'ಹೊಳ್ಳಸ್ರಿ' ಆಕೆಯ ನಾಲಿಗೆಗೆ ಹೊರಳಲು ಎರಡು ದಿನ ಹಿಡಿಯಿತು.

ಅಲ್ಲಿಂದ ದಿನಗಳು ಒಂದೇ ಥರ ಹೋದವು. ಹಗಲು ನಾನು, ರಾತ್ರಿ ಆಕೆ. ಬೆಳಿಗ್ಗೆ ಏಳೂವರೆಗೆ ನಾನು ಹೋದರೆ ಆಕೆ ಹೊರಡುತ್ತಿದ್ದಳು. ಸಂಜೆ ಆರಕ್ಕೆ ಆಕೆ ಬಂದರೆ ನಾನು ಹೊರಡುತ್ತಿದ್ದೆ. ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಕೀಲಿ ಆಕೆಗೆ ಕೊಡುತ್ತಿದ್ದೆ, ಸಂಜೆ ಆಕೆ ನನಗೆ ಕೊಡುತ್ತಿದ್ದಳು. ರಾತ್ರಿ ಏನು ತಿಂದರು, ಹಗಲು ಏನು ಅಂದರು, ಯಾವ ಬಸ್ಸು ತಡ ಇದೆ, ಇಷ್ಟೇ ಮಾತು. ಆಕೆಯನ್ನು ನಾನು ಏನೆಂದೂ ಕರೆಯಲಿಲ್ಲ. ಎದುರಿಗೆ ಬಂದಾಗ ಮಾತು ಶುರು ಮಾಡುತ್ತಿದ್ದೆ, ಅಷ್ಟೇ.

ಬಸ್ಸು ಅಭ್ಯಾಸವಾಯಿತು. ನಾಲ್ಕನೆಯ ದಿನದಿಂದ ರಟ್ಟು ಬೇಕಾಗಲಿಲ್ಲ. ನಂಬರು ಓದುವ ಮೊದಲೇ ಬಸ್ಸಿನ ಮುಖ ನೋಡಿ ಗೊತ್ತಾಗುತ್ತಿತ್ತು. ಸ್ವಾರಗೇಟ್‌ನಲ್ಲಿ ರಸ್ತೆಯ ನಡುವಿನ ಸ್ಟಾಪಿಗೆ ಹೋಗಲು ಯಾವ ಸಿಗ್ನಲ್ಲಿನಲ್ಲಿ ದಾಟಬೇಕು, ಜನ ಯಾವ ಕಡೆಗೆ ನೂಕುತ್ತಾರೆ, ಚಿಲ್ಲರೆ ಪೈಸೆ ಇಲ್ಲದಿದ್ದರೆ ಮೊದಲೇ ಹೇಳಬೇಕು, ಎಲ್ಲ ಬಂತು. ಒಂದು ದಿನ ಒಬ್ಬ ಮುದುಕಿ ನನ್ನನ್ನೇ ಸ್ಟೇಶನ್ ಬಸ್ಸು ಯಾವುದೆಂದು ಕೇಳಿದಳು. ಹೇಳಿದೆ. ಸರಿಯಾಗಿಯೇ ಹೇಳಿದೆ. ನಾನು ಎಲ್ಲಿಯವಳು, ಇಲ್ಲಿ ಯಾಕೆ ಇದ್ದೇನೆ ಎಂದು ಈ ಊರಿನಲ್ಲಿ ಯಾರೂ ಕೇಳುವುದಿಲ್ಲವೆಂಬುದು ನನಗೆ ಹಗುರ ಅನ್ನಿಸುತ್ತಿತ್ತು. ಮನೆಗೆ ಫೋನ್ ಮಾಡಿದಾಗ ಗಂಡ, "ಹೆಂಗಿದ್ದಾರ?" ಎನ್ನುತ್ತಿದ್ದರು. "ಅದಾರ," ಎನ್ನುತ್ತಿದ್ದೆ. "ನೀ?" "ನಾನೂ ಅದೇನಿ."

ಅಪ್ಪ ಹಗಲೆಲ್ಲ ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿಯೇ ಇರುತ್ತಿದ್ದರು. ವಾರ್ಡಿನವರೆಲ್ಲ ಬಸ್ಸಿಗೆ ಕಾಯುವವರು. ಎದುರಿನ ಹಾಸಿಗೆಯವನು ಕಟಕೋಳದವನಂತೆ, ಗಂಟು ಇಲ್ಲೇ ಬಿಟ್ಟು ಚಹಾಕ್ಕೆ ಹೋಗಿದ್ದಾನಂತೆ. ನಾನು ಹೂಂ ಎನ್ನುತ್ತಿದ್ದೆ. ಒಮ್ಮೆ, "ಮನ್ಯಾಗ ಹೇಳಿ ಕಳಸ್ರಿ, ತಡಾ ಆಗ್ತದ ಅಂತ," ಎಂದರು. ಯಾರಿಗೆ ಹೇಳಲಿ ಎಂದು ಕೇಳಿದೆ. ಅವ್ವನ ಹೆಸರು ಹೇಳಿದರು. ಹೇಳಿ ಕಳಸ್ತೇನಿ ಎಂದೆ.

ಆರನೆಯ ದಿನ ಸಂಜೆ ಆಕೆ ಬೇಗ ಬಂದಿದ್ದಳು. ನಾವಿಬ್ಬರೂ ಹಾಸಿಗೆಯ ಎರಡು ಕಡೆ ನಿಂತಿದ್ದೆವು. ಅಪ್ಪ ಕೇಳಿದರು:

"ಸಣ್ಣಾಕಿ ಸಾಲಿಂದ ಬಂದ್ಲೇನು?"

"ಏನಂದ್ರು?" ಎಂದಳು ಆಕೆ.

"ಹುಡುಗಿ ಸಾಲಿಂದ ಬಂದ್ಲೇನು ಅಂತ."

"ಯಾವ ಹುಡುಗಿ?"

"ಗೊತ್ತಿಲ್ಲ," ಎಂದೆ.

ನಾನು ಕೀಲಿ ಇಸಿದುಕೊಂಡು ಹೊರಟೆ. ಅವತ್ತು ಸ್ಟೇಶನ್ ಸ್ಟಾಪಿನಲ್ಲಿ ಬಹಳ ಗದ್ದಲ. ಎರಡು ಬಸ್ಸು ಬಿಟ್ಟೆ, ಮೂರನೆಯದರಲ್ಲಿ ನಿಂತುಕೊಂಡೇ ಹೋದೆ. ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಮೇಲಿನ ಹಿಡಿಕೆ ಹಿಡಿದ ಕೈ ಜೋಮು ಹಿಡಿದಿತ್ತು, ಅದನ್ನು ಬದಲಿಸಿದೆ.

ಒಂಬತ್ತನೆಯ ದಿನ, ಮುಂದಿನ ಎರಡು ದಿನದಲ್ಲಿ ಮನೆಗೆ ಕಳಿಸುತ್ತೇವೆ, ಒಂದು ವಾಕರ್ ತಂದುಕೊಳ್ಳಿ ಎಂದರು ಡಾಕ್ಟರು. ವಾಕರ್ ಮಾರುವ ಅಂಗಡಿ ಮಂಡಈ ಎಂಬ ಪೇಟೆಯ ಹತ್ತಿರ ಇತ್ತು. ಪಕ್ಕದ ಹಾಸಿಗೆಯವರ ಸೊಸೆ ಎರಡು ತಾಸು ನೋಡಿಕೊಳ್ಳುತ್ತೇನೆ ಎಂದಳು. ನಾವಿಬ್ಬರೂ ಕೂಡಿ ಹೊರಗೆ ಬಿದ್ದದ್ದು ಅದೊಂದೇ ಸಲ. ಬಸ್ಸಿನಲ್ಲಿ ವಾಕರ್ ತರುವುದು ಕಷ್ಟ, ಮೆಟ್ರೋಕ್ಕೆ ಹೋಗೋಣ ಎಂದೆ. ಆಕೆ ಮೆಟ್ರೋ ಹತ್ತಿರಲಿಲ್ಲ.

"ಇಷ್ಟು ವರ್ಷ ಇಲ್ಲೇ ಇದ್ದು?" ಎಂದೆ.

"ನನ್ನ ಕೆಲಸ ಇರೋ ಕಡೆ ಅದು ಹೋಗೂದುಲ್ಲ."

ನಡುವೆ ಒಂದು ಕಡೆ ಗಾಡಿ ಬದಲಿಸಬೇಕಿತ್ತು. ಅಲ್ಲಿಂದ ನೆಲದ ಕೆಳಗೆ ಇಳಿಯಬೇಕು. ಸರಿಯುವ ಮೆಟ್ಟಿಲ ಮುಂದೆ ಆಕೆ ನಿಂತುಬಿಟ್ಟಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಹೆಜ್ಜೆ ಇಡುವುದೋ ಬೇಡವೋ ಎಂದು ನೋಡುತ್ತಿದ್ದಳು. ಹಿಂದೆ ಜನ ಸೇರಿದರು. ನಾನು ಆಕೆಯ ರಟ್ಟೆ ಹಿಡಿದುಕೊಂಡೆ. ಇಬ್ಬರೂ ಒಟ್ಟಿಗೆ ಕಾಲಿಟ್ಟೆವು. ಕೆಳಗೆ ಮುಟ್ಟಿದ ಮೇಲೆ ಆಕೆ ಕೈ ಬಿಡಿಸಿಕೊಂಡು ನೆರಿಗೆ ಸರಿಮಾಡಿಕೊಂಡಳು.

ಮಂಡಈಗೆ ಅಲ್ಲಿಂದ ಎರಡೇ ಸ್ಟೇಶನ್. ಒಳಗೆ ತಂಪು, ಕಿಟಕಿಯಲ್ಲಿ ಕತ್ತಲೆ, ಕತ್ತಲೆಯಲ್ಲಿ ನಮ್ಮಿಬ್ಬರ ಮುಖ. ಆಕೆ ಮುಂದೆ ನೋಡುತ್ತಲೇ ಕೇಳಿದಳು:

"ಹುಡುಗಿ ಬಂದಾಳ ಅನ್ನೂದಕ್ಕ ನಿಮ್ಮಲ್ಲಿ ಏನಂತಾರ?"

"ಬಂದ್ಲು."

"ಬಂದ್ಲು," ಎಂದಳು. ಮತ್ತೊಮ್ಮೆ ಸಣ್ಣ ದನಿಯಲ್ಲಿ, "ಬಂದ್ಲು."

ನಾನು ಸ್ಟೇಶನ್ನಿನ ಹೆಸರು ಬರುವ ಬೋರ್ಡು ನೋಡುತ್ತಿದ್ದೆ. ಬಾಗಿಲು ತೆರೆಯಿತು, ಇಳಿದೆವು. ವಾಕರ್ ತಗೊಂಡೆವು. ಒಂದು ಕಾಲಿನ ರಬ್ಬರು ಸಡಿಲ ಇತ್ತು, ಆಕೆ ಜಗಳ ಮಾಡಿ ಬದಲಿಸಿಕೊಂಡಳು.

ಅವತ್ತು ಸಂಜೆ ಅಪ್ಪ ಮತ್ತೆ ಅದನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಕೆ ಬಗ್ಗಿ, "ಬಂದ್ಲು," ಎಂದಳು. ಅಪ್ಪ ಆಕೆಯ ಮುಖ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿ, "ಕೈಕಾಲು ತೊಳಕೊಳ್ಳಿಕ್ಕೆ ಹೇಳ್ರಿ," ಎಂದರು. ಅದರ ಅರ್ಥ ಆಕೆ ಕೇಳಿದಳು. ಹೇಳಿದೆ. ಕೈ ತೊಳೆಯುವ ನಳ ವಾರ್ಡಿನ ಹೊರಗೆ ಇತ್ತು. ನಾನು ಹೋಗಿ ಕೈ ತೊಳೆದುಕೊಂಡೆ. ಬಂದು ನೋಡಿದರೆ ಅಪ್ಪ ಮಲಗಿದ್ದರು.

ಹನ್ನೊಂದನೆಯ ದಿನ ಬೆಳಿಗ್ಗೆ ಅವರನ್ನು ಗಾಡಿ ಮಾಡಿ ಕಾತ್ರಜಕ್ಕೆ ಕರೆದುಕೊಂಡು ಬಂದೆವು. ಮಂಚದ ಮೇಲೆ ಮಲಗಿಸಿ, ಬೆನ್ನಿಗೆ ದಿಂಬು ಕೊಟ್ಟೆವು. ಮಧ್ಯಾಹ್ನದ ಬಸ್ಸಿಗೆ ನಾನು ಹೊರಟೆ. ಹೋಗ್ತೇನ್ರಿ ಎಂದಾಗ ಅಪ್ಪ, "ಬಸ್ ಸಿಕ್ತೇನು? ಜಾಗಾ ಹಿಡೀರಿ ಮೊದ್ಲ," ಎಂದರು. ಆಕೆ ಬಾಗಿಲವರೆಗೆ ಬಂದಳು. ಡಬ್ಬಿಯಲ್ಲಿ ಪೋಳಿ, ಬಟಾಟಿ ಪಲ್ಯೆ ಕಟ್ಟಿಕೊಟ್ಟಳು.

ಊರಿಗೆ ಬಂದು ಮರುದಿನವೇ ಕೆಲಸಕ್ಕೆ ಹೋದೆ. ವಾರಕ್ಕೊಮ್ಮೆ, ಎರಡು ಸಲ ಆಕೆಯ ಫೋನ್ ಬರುತ್ತಿತ್ತು. ಅಪ್ಪ ಆಡಿದ ಹೊಸ ಮಾತೊಂದನ್ನು ಆಕೆ ಕಿವಿಗೆ ಬಿದ್ದಂತೆ ಹೇಳುತ್ತಿದ್ದಳು, ನಾನು ಅರ್ಥ ಹೇಳುತ್ತಿದ್ದೆ. 'ಕಸಿವಿಸಿ' ಎಂದರೇನು, 'ಪಡಸಾಲಿ' ಎಂದರೇನು. ಒಮ್ಮೆ ಒಂದು ಮಾತು ಎಷ್ಟು ಸಲ ಹೇಳಿದರೂ ನನಗೆ ತಿಳಿಯಲಿಲ್ಲ. ಫೋನನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದಳು. ಉಸಿರು ಕೇಳಿಸಿತು, ಆ ಮಾತು ಕೇಳಿಸಿತು, ಆದರೂ ತಿಳಿಯಲಿಲ್ಲ.

"ನನಗೂ ಗೊತ್ತಾಗವಲ್ದು," ಎಂದೆ.

"ಇರಲಿ," ಎಂದಳು. "ನಾ ಹೂಂ ಅಂತೇನಿ."

ಐದು ತಿಂಗಳಾದ ಮೇಲೆ ಒಂದು ಮುಂಜಾನೆ ಫೋನ್ ಮಾಡಿ, ನಿನ್ನೆ ಹೋದರು, ಎಲ್ಲಾ ಮುಗೀತು ಎಂದಳು. ಹತ್ತನೆಯ ದಿನಕ್ಕೆ ಹೋದೆ. ಯಾರನ್ನೂ ಕೇಳದೆ ಕಾತ್ರಜದಲ್ಲಿ ಇಳಿದು ಮನೆ ಮುಟ್ಟಿದೆ. ಜನ ಬಹಳ ಇರಲಿಲ್ಲ. ಖಾನಾವಳಿಯ ನಾಲ್ಕು ಮಂದಿ, ಪಕ್ಕದ ಮನೆಯವರು. ಅವ್ವನಿಗೆ ಅತ್ತಷ್ಟು ಅಪ್ಪನಿಗೆ ಅಳಲಿಲ್ಲ. ಅಳಲೇ ಇಲ್ಲ ಅನ್ನಬೇಕು. ಆಕೆಯೂ ನನ್ನ ಮುಂದೆ ಅಳಲಿಲ್ಲ. ಸಂಜೆ ಇಬ್ಬರೂ ಪಾತ್ರೆ ತೊಳೆದೆವು. ನಾನು ಬೆಳಗಿದೆ, ಆಕೆ ತೊಳೆದು ಬೋರಲು ಹಾಕಿದಳು.

ಈಗಲೂ ಆಕೆ ರವಿವಾರ ಫೋನ್ ಮಾಡುತ್ತಾಳೆ. ಕೇಳಲು ಮಾತುಗಳೇನೂ ಉಳಿದಿಲ್ಲ. ಖಾನಾವಳಿಗೆ ಹೊಸ ಹೆಂಗಸು ಬಂದಿದ್ದಾಳೆ, ಪೋಳಿ ದಪ್ಪ ಮಾಡುತ್ತಾಳೆ ಎನ್ನುತ್ತಾಳೆ. ಮೊಣಕಾಲು ನೋಯುತ್ತದೆ ಎನ್ನುತ್ತಾಳೆ. ನಾನು ಇಲ್ಲಿಯ ಬಿಸಿಲಿನ ಮಾತು ಹೇಳುತ್ತೇನೆ. ಐದು ನಿಮಿಷಕ್ಕೆ ಮುಗಿಯುತ್ತದೆ. ಯಾರದು ಎಂದು ಮನೆಯಲ್ಲಿ ಯಾರೂ ಈಗ ಕೇಳುವುದಿಲ್ಲ.